ಹಳೇ ನಾಣ್ಯ ಸಿಕ್ಕಿದರೆ ಏನು ಮಾಡಬೇಕು?



ಒಂದು ಸಂಜೆ ನಮ್ಮ ಕಲಿಕೆ ಕೇಂದ್ರಕ್ಕೆ ಒಬ್ಬ ಅಕ್ಕ ಬಂದರು. ಅವರ ಊರು ಅಘನಾಶಿನಿ ಹೊಳೆಯ ದಂಡೆಯಲ್ಲಿ. ನೀರು ಇಳಿದಾಗ ಹೊಳೆಗೆ ಹೋಗಿ ಬಳಚು ಆರಿಸುತ್ತಾರೆ. ಮಳೆಗಾಲದಲ್ಲಿ ಗಜನಿ ಗದ್ದೆಯ ಕೆಲಸ. ಅವತ್ತು ಅವರು ಪಾಟಿ ತೆಗೆಯಲಿಲ್ಲ. ಸೆರಗಿನ ಗಂಟು ಬಿಚ್ಚಿದರು. ಮೂರು ನಾಣ್ಯ ಹೊರಗೆ ಬಂದವು. ದೊಡ್ಡವು, ಕಪ್ಪಗಿದ್ದವು.

"ಅಜ್ಜಿಯ ಪೆಟ್ಟಿಗೆಯಲ್ಲಿ ಇದ್ದದ್ದು. ನಾಳೆ ಪಾತ್ರೆಯವ ಬರ್ತಾನೆ. ಮೂರನ್ನೂ ಕೊಟ್ಟರೆ ಒಂದು ಸ್ಟೀಲ್ ಬೋಗುಣಿ ಕೊಡ್ತಾನಂತೆ. ಕೊಡಲೋ, ಬೇಡವೋ?" ಎಂದು ಕೇಳಿದರು.

"ನಿಲ್ಲಿ ಅಕ್ಕ. ಮೊದಲು ಓದುವ. ಆಮೇಲೆ ಕೊಡುವ ಮಾತು" ಎಂದೆವು ನಾವು.

ಅವತ್ತಿನ ಪಾಠ ಪುಸ್ತಕದಲ್ಲಿ ಇರಲಿಲ್ಲ. ಆ ನಾಣ್ಯಗಳಲ್ಲೇ ಇತ್ತು. ಅದನ್ನೇ ಇಲ್ಲಿ ಬರೆದಿದ್ದೇವೆ.

ನಮ್ಮ ನೆಲದಲ್ಲಿ ನಾಣ್ಯ ಯಾಕೆ ಸಿಗುತ್ತದೆ?

ಕುಮಟಾ, ಹೊನ್ನಾವರ, ಭಟ್ಕಳ. ಈ ಮೂರೂ ಹಳೇ ಬಂದರುಗಳು. ನೂರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಹಡಗುಗಳು ಬರುತ್ತಿದ್ದವು. ಭಟ್ಕಳಕ್ಕೆ ಅರಬ್ ದೇಶಗಳಿಂದ ಕುದುರೆಗಳು ಬಂದು ಇಳಿಯುತ್ತಿದ್ದವು. ಅವು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಇಲ್ಲಿಂದ ಕಾಳುಮೆಣಸು, ಅಕ್ಕಿ ಹಡಗು ಹತ್ತುತ್ತಿದ್ದವು.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ನೀವು ಕೇಳಿರಬಹುದು. 16ನೇ ಶತಮಾನದಲ್ಲಿ ಆಳಿದ ಹೆಂಗಸು. ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದು ಕರೆದರು. ನಮ್ಮ ಮೆಣಸು ಆಚೆ ಹೋಯಿತು. ಆಚೆಯ ಚಿನ್ನ, ಬೆಳ್ಳಿ ಈಚೆ ಬಂತು.

ಆಮೇಲೆ ಕೆಳದಿಯ ನಾಯಕರು ಈ ಕರಾವಳಿಯನ್ನು ಆಳಿದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಇಂಗ್ಲಿಷರು ಬಂದರು. ಕುಮಟಾ ಬಂದರಿನಿಂದ ಧಾರವಾಡ ಸೀಮೆಯ ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಆ ಹತ್ತಿಗೆ ಅಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರು.

ಆಳುವವರು ಬದಲಾದ ಹಾಗೆ ನಾಣ್ಯವೂ ಬದಲಾಯಿತು. ಆಗ ಊರಲ್ಲಿ ಬ್ಯಾಂಕು ಇರಲಿಲ್ಲ. ಯುದ್ಧ ಬಂದರೆ, ಕಳ್ಳರ ಭಯ ಬಂದರೆ ಜನ ಹಣವನ್ನು ಗಡಿಗೆಯಲ್ಲಿ ಹಾಕಿ ಮಣ್ಣಲ್ಲಿ ಹೂಳುತ್ತಿದ್ದರು. ಹೂಳಿದವರು ಕೆಲವರು ತಿರುಗಿ ಬರಲೇ ಇಲ್ಲ. ಹಣ ಮಣ್ಣಲ್ಲೇ ಉಳಿಯಿತು.

ಅಘನಾಶಿನಿ ದಂಡೆಯ ಮಿರ್ಜಾನ್ ಕೋಟೆ ನಿಮಗೆ ಗೊತ್ತು. 2000-01ರಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿ ಅಗೆದು ನೋಡಿದರು. ಚೀನಾ ದೇಶದ ಪಿಂಗಾಣಿ ಚೂರು ಸಿಕ್ಕಿತು. ಪೋರ್ಚುಗೀಸರ ಒಂದು ಚಿನ್ನದ ನಾಣ್ಯವೂ ಸಿಕ್ಕಿತು. ನಮ್ಮ ಹೊಳೆಗೆ ಎಷ್ಟು ದೂರದ ದೋಣಿ ಬಂದಿತ್ತು, ನೋಡಿ!

ನಮ್ಮ ಕೊರಳಲ್ಲೂ ಆ ಕತೆ ಇದೆ

ಪುತ್ತಳಿ ಸರ ನೋಡಿದ್ದೀರಲ್ಲ? ಅದರ ಒಂದೊಂದು ಬಿಲ್ಲೆಯೂ ಒಂದು ನಾಣ್ಯದ ಹಾಗಿದೆ. ಮೊದಲು ಅದು ನಾಣ್ಯವೇ ಆಗಿತ್ತು. ಯುರೋಪಿನಲ್ಲಿ ವೆನಿಸ್ ಎಂಬ ಪಟ್ಟಣ ಇದೆ. 1284ರಿಂದ ಅಲ್ಲಿ ಒಂದು ಚಿನ್ನದ ನಾಣ್ಯ ಹೊಡೆಯುತ್ತಿದ್ದರು. ತೂಕ ಸುಮಾರು ಮೂರೂವರೆ ಗ್ರಾಂ. ಅಪ್ಪಟ ಚಿನ್ನ. ಅದರ ಮೇಲೆ ಒಬ್ಬ ಸಂತ ನಿಂತಿದ್ದಾನೆ, ಆಳುವವ ಅವನ ಮುಂದೆ ಮಂಡಿಯೂರಿದ್ದಾನೆ. ನಮ್ಮ ಜನ ಅದನ್ನು ನೋಡಿ 'ಪುತ್ತಳಿ' ಎಂದರು. ಪುತ್ತಳಿ ಅಂದರೆ ಗೊಂಬೆ.

'ಒಂದು ಪವನ್ ಚಿನ್ನ' ಅನ್ನುತ್ತೇವೆ. ಅದೂ ನಾಣ್ಯದಿಂದಲೇ ಬಂದ ಮಾತು. ಇಂಗ್ಲಿಷರ ಚಿನ್ನದ ಪೌಂಡು ಸುಮಾರು 8 ಗ್ರಾಂ ತೂಗುತ್ತಿತ್ತು. ಅದೇ ನಮ್ಮ ಪವನ್.

ನಾಣ್ಯವನ್ನು ಗುರುತಿಸುವುದು ಹೇಗೆ?

ಇದಕ್ಕೆ ಐದು ಪ್ರಶ್ನೆ ಸಾಕು.

ಒಂದು: ಯಾವ ಲೋಹ? ಬಹಳ ಕಾಲ ಮಣ್ಣಲ್ಲಿ ಇದ್ದರೆ ತಾಮ್ರ ಹಸಿರಾಗುತ್ತದೆ. ಬೆಳ್ಳಿ ಕಪ್ಪಾಗುತ್ತದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ. ಚಿನ್ನ ಮಾತ್ರ ಹಳದಿಯಾಗಿಯೇ ಇರುತ್ತದೆ. ಒಂದು ಅಯಸ್ಕಾಂತ ಹತ್ತಿರ ಹಿಡಿಯಿರಿ. ಚಿನ್ನ, ಬೆಳ್ಳಿ, ತಾಮ್ರ ಅಂಟುವುದಿಲ್ಲ. ಕಬ್ಬಿಣ, ನಿಕ್ಕಲ್ ಅಂಟುತ್ತವೆ.

ಎರಡು: ಎಷ್ಟು ತೂಕ? ಸೊನಗಾರರ ಅಂಗಡಿಯ ಸಣ್ಣ ತಕ್ಕಡಿಯಲ್ಲಿ ತೂಗಿಸಿ. ನಿಮ್ಮ ಕಣ್ಣೆದುರೇ ತೂಗಿಸಿ. ಎಷ್ಟು ಗ್ರಾಂ ಎಂದು ನೀವೇ ಓದಿ, ನೀವೇ ಬರೆದುಕೊಳ್ಳಿ.

ಮೂರು: ಯಾವ ಚಿತ್ರ? ದೇವರೋ, ಪ್ರಾಣಿಯೋ, ರಾಜನ ಮುಖವೋ?

ನಾಲ್ಕು: ಯಾವ ಅಕ್ಷರ? ಕನ್ನಡವೋ, ನಾಗರಿಯೋ, ಪಾರಸಿಯೋ, ಇಂಗ್ಲಿಷೋ? ನಾಗರಿ ಅಂದರೆ ಹಿಂದಿ ಬರೆಯುವ ಅಕ್ಷರ.

ಐದು: ಇಸವಿ ಇದೆಯೇ? ಇಂಗ್ಲಿಷರ ನಾಣ್ಯದಲ್ಲಿ ಹೆಚ್ಚಾಗಿ ಇಸವಿ ಇರುತ್ತದೆ. ಹಳೇ ರಾಜರ ವರಹದಲ್ಲಿ ಇಸವಿ ಇರುವುದಿಲ್ಲ.

ನಮ್ಮ ಕಡೆ ಸಿಗಬಹುದಾದ ನಾಣ್ಯಗಳು

ವಿಜಯನಗರದ ವರಹ. ಚಿನ್ನದ್ದು. ಸುಮಾರು 3.4 ಗ್ರಾಂ ತೂಕ. ಬೆರಳ ಉಗುರಿನಷ್ಟೇ ದೊಡ್ಡದು, ಆದರೆ ದಪ್ಪ. ಕೃಷ್ಣದೇವರಾಯನ ವರಹದಲ್ಲಿ ಕುಳಿತ ಬಾಲಕೃಷ್ಣ ಇದ್ದಾನೆ. ಹಿಂದೆ ನಾಗರಿಯಲ್ಲಿ ರಾಜನ ಹೆಸರು ಇದೆ. ವರಹಕ್ಕಿಂತ ಬಹಳ ಸಣ್ಣದು 'ಹಣ'. ಅದು ಅರ್ಧ ಗ್ರಾಂ ಕೂಡ ಇಲ್ಲ. ಮಣ್ಣಲ್ಲಿ ಬಿದ್ದರೆ ಮೀನಿನ ಪೊರೆ ಅಂದುಕೊಳ್ಳಬೇಕು, ಅಷ್ಟು ಸಣ್ಣದು. ನಾವು ಇವತ್ತು 'ಹಣ' ಅನ್ನುವ ಮಾತು ಆ ಪುಟ್ಟ ನಾಣ್ಯದ ಹೆಸರೇ.

ಇಕ್ಕೇರಿ ವರಹ. ಕೆಳದಿ ನಾಯಕರದು. ಇದೂ ಚಿನ್ನ. ಮುಂದೆ ಶಿವ ಪಾರ್ವತಿ. ಹಿಂದೆ ನಾಗರಿಯಲ್ಲಿ 'ಶ್ರೀ ಸದಾಶಿವ'. ಬಿದನೂರು ಗೆದ್ದ ಮೇಲೆ ಹೈದರಾಲಿ ಶಿವ ಪಾರ್ವತಿಯ ಚಿತ್ರವನ್ನು ತೆಗೆಸಲಿಲ್ಲ. ಹಿಂದಿನ ಬದಿಗೆ ತನ್ನ ಹೆಸರಿನ ಒಂದು ಪಾರಸಿ ಅಕ್ಷರ ಹಾಕಿಸಿದ, ಅಷ್ಟೇ. ಪೇಟೆಯ ಜನ ನಂಬಿದ ನಾಣ್ಯ ಅದು. ನಂಬಿಕೆ ಕೆಡಿಸಿದರೆ ವ್ಯಾಪಾರ ಕೆಡುತ್ತದೆ ಎಂದು ಅವನಿಗೆ ಗೊತ್ತಿತ್ತು.

ಆನೆಯ ಕಾಸು. ತಾಮ್ರದ್ದು. ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಆನೆ ಇದೆ, ಪಾರಸಿ ಅಕ್ಷರ ಇದೆ. ಆನೆಯ ಮೇಲೆ ಕನ್ನಡದ 'ಶ್ರೀ' ಇದ್ದರೆ ಅದು ಟಿಪ್ಪುವಿನದಲ್ಲ. ಅವನ ನಂತರ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರದು. ನೋಡಿ, ಒಂದೇ ಒಂದು ಅಕ್ಷರ ಓದಲು ಬಂದರೆ ರಾಜ ಯಾರೆಂದು ಗೊತ್ತಾಗುತ್ತದೆ!

ಇಂಗ್ಲಿಷರ ರೂಪಾಯಿ. ನಮ್ಮ ಮನೆಗಳಲ್ಲಿ ಹೆಚ್ಚು ಇರುವುದು ಇದೇ. ಲಕ್ಷ್ಮೀ ಪೂಜೆಗೆ ಇಡುತ್ತೇವೆ. 1835ರಿಂದ ಇದು ಎಲ್ಲ ಕಡೆ ಒಂದೇ ತೂಕ: 11.66 ಗ್ರಾಂ. ಹೆಂಗಸಿನ ಮುಖ ಇದ್ದರೆ ವಿಕ್ಟೋರಿಯಾ ರಾಣಿ. ಗಡ್ಡ ಇದ್ದು ಕಿರೀಟ ಇಲ್ಲದಿದ್ದರೆ ಏಳನೇ ಎಡ್ವರ್ಡ್. ಗಡ್ಡವೂ ಕಿರೀಟವೂ ಇದ್ದರೆ ಐದನೇ ಜಾರ್ಜ್. ಗಡ್ಡ ಇಲ್ಲದ ಕಿರೀಟದವ ಆರನೇ ಜಾರ್ಜ್.

ಆಣೆ, ಕಾಸು, ಪೈ. ಒಂದು ರೂಪಾಯಿಗೆ 16 ಆಣೆ. ಒಂದು ಆಣೆಗೆ 4 ಕಾಸು ಅಥವಾ 12 ಪೈ. ನಾಕಾಣೆಗೆ ಪಾವಲಿ ಎಂಬ ಹೆಸರೂ ಇತ್ತು. 1943ರ ಹೊತ್ತಿಗೆ ಯುದ್ಧದಿಂದ ಲೋಹಕ್ಕೆ ಬರ ಬಂತು. ಆಗ ನಡುವೆ ತೂತು ಇಟ್ಟು ಕಾಸು ಮಾಡಿದರು. ಅದೇ ತೂತು ಕಾಸು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯಿತು.

ಬೆಲೆ ಹೇಗೆ ಗೊತ್ತಾಗುತ್ತದೆ?

ಹಳೇದು ಅಂದ ಕೂಡಲೇ ಬೆಲೆ ಹೆಚ್ಚು ಅಲ್ಲ. ಇದು ಮುಖ್ಯವಾದ ಮಾತು. ಬೆಲೆ ಮೂರು ಸಂಗತಿಯ ಮೇಲೆ ನಿಂತಿದೆ.

ಮೊದಲನೆಯದು ಲೋಹ. ಚಿನ್ನ, ಬೆಳ್ಳಿಯಾದರೆ ಅದರ ತೂಕಕ್ಕೇ ಬೆಲೆ ಇದೆ.

ಎರಡನೆಯದು ಎಷ್ಟು ಉಳಿದಿದೆ ಎಂಬುದು. ವಿಕ್ಟೋರಿಯಾ ಕಾಲದ ತಾಮ್ರದ ಕಾಸು ನೂರು ವರ್ಷಕ್ಕಿಂತ ಹಳೇದು. ಆದರೆ ಅದು ಬೇಕಾದಷ್ಟು ಇದೆ. ಅದಕ್ಕೇ ಬೆಲೆ ಕಡಿಮೆ. 1911ರ ರೂಪಾಯಿಯ ಕತೆ ಬೇರೆ. ಆ ವರ್ಷ ಐದನೇ ಜಾರ್ಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಕೊರೆದಿದ್ದರು. ಅದು ಹಂದಿಯ ಹಾಗೆ ಕಂಡಿತು. ಜನ ಸಿಟ್ಟಾದರು. ಸರ್ಕಾರ ಆ ನಾಣ್ಯ ವಾಪಸು ತೆಗೆದುಕೊಂಡು ಕರಗಿಸಿತು. ಹಾಗಾಗಿ ಉಳಿದದ್ದು ಸ್ವಲ್ಪ. ಸಂಗ್ರಹ ಮಾಡುವವರು ಅದಕ್ಕೆ ಹೆಚ್ಚು ಕೊಡುತ್ತಾರೆ.

ಮೂರನೆಯದು ನಾಣ್ಯ ಹೇಗಿದೆ ಎಂಬುದು. ಮುಖ, ಅಕ್ಷರ, ಇಸವಿ ಚೆನ್ನಾಗಿ ಕಂಡರೆ ಬೆಲೆ ಹೆಚ್ಚು. ಸವೆದಿದ್ದರೆ ಕಡಿಮೆ. ತೂತು ಹೊಡೆದು ಸರಕ್ಕೆ ಹಾಕಿದ್ದರೂ ಕಡಿಮೆ.

ಅದಕ್ಕೇ ಒಂದು ಎಚ್ಚರಿಕೆ. ಸಿಕ್ಕಿದ ನಾಣ್ಯವನ್ನು ಉಜ್ಜಬೇಡಿ! ಹುಣಸೆಹಣ್ಣು ಬೇಡ, ಬೂದಿ ಬೇಡ, ಲಿಂಬು ಬೇಡ. ನಮ್ಮ ಕೈಗೆ ಪಾತ್ರೆ ಬೆಳಗಿ ರೂಢಿ. ಕಪ್ಪು ಕಂಡರೆ ಉಜ್ಜಬೇಕು ಅನ್ನಿಸುತ್ತದೆ. ಉಜ್ಜಿದರೆ ಅಕ್ಷರ ಸವೆಯುತ್ತದೆ, ಬೆಲೆ ಇಳಿಯುತ್ತದೆ. ಒಣ ಬಟ್ಟೆಯಲ್ಲಿ ಅಥವಾ ಕಾಗದದಲ್ಲಿ ಸುತ್ತಿ ಇಡಿ. ಅಷ್ಟು ಸಾಕು.

ಆ ಅಕ್ಕನ ಮೂರು ನಾಣ್ಯದ ಲೆಕ್ಕ

ನಾವು ಅವತ್ತು ಐದು ಪ್ರಶ್ನೆ ಕೇಳಿದೆವು. ಅಯಸ್ಕಾಂತಕ್ಕೆ ಅಂಟಲಿಲ್ಲ. ಗಡ್ಡ, ಕಿರೀಟ ಎರಡೂ ಇತ್ತು. ಇಸವಿಯನ್ನು ಆ ಅಕ್ಕನೇ ಓದಿದರು. "ಒಂದು, ಒಂಬತ್ತು, ಒಂದು, ಎಂಟು. ಸಾವಿರದ ಒಂಬೈನೂರ ಹದಿನೆಂಟು!" ಮೂರೂ ಐದನೇ ಜಾರ್ಜನ ಬೆಳ್ಳಿ ರೂಪಾಯಿ.

ಒಂದು ರೂಪಾಯಿ 11.66 ಗ್ರಾಂ. ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಅಂದರೆ ಹತ್ತು ಗ್ರಾಮಿಗಿಂತ ಹೆಚ್ಚು ಬೆಳ್ಳಿ. ಬೆಳ್ಳಿಯ ದರ ದಿನಾ ಬದಲಾಗುತ್ತದೆ. ಲೆಕ್ಕ ಸುಲಭ ಆಗಲಿ ಅಂತ ಒಂದು ಗ್ರಾಮಿಗೆ 100 ರೂಪಾಯಿ ಹಿಡಿಯುವ.

ಒಂದು ನಾಣ್ಯಕ್ಕೆ: 10 ಗ್ರಾಂ × 100 = 1,000 ರೂಪಾಯಿ.
ಮೂರು ನಾಣ್ಯಕ್ಕೆ: 1,000 × 3 = 3,000 ರೂಪಾಯಿ.

ಪಾತ್ರೆಯವ ಕೊಡುವುದು ಒಂದು ಬೋಗುಣಿ. ಆ ಅಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಹೇಳಿದರು, "ಹೋದ ವರ್ಷ ಎರಡು ಕೊಟ್ಟುಬಿಟ್ಟೆ. ಆಗ ನನಗೆ ಓದಲು ಬರುತ್ತಿರಲಿಲ್ಲ."

ನೆನಪಿಡಿ, ಎಲ್ಲ ಹಳೇ ರೂಪಾಯಿಯೂ ಅಷ್ಟು ಬೆಳ್ಳಿಯಲ್ಲ. 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿಯಲ್ಲಿ ಹುಲಿಯ ಚಿತ್ರ ಇದೆ. ಅದು ಬೆಳ್ಳಿಯೇ ಅಲ್ಲ, ನಿಕ್ಕಲ್. ಅಯಸ್ಕಾಂತಕ್ಕೆ ಅಂಟುತ್ತದೆ.

ಮಣ್ಣಲ್ಲಿ ಸಿಕ್ಕಿದರೆ?

ಅಜ್ಜಿಯ ಪೆಟ್ಟಿಗೆಯಿಂದ ಬಂದ ನಾಣ್ಯ ನಿಮ್ಮ ಮನೆಯದು. ಇಡಬಹುದು, ಕೊಡಬಹುದು. ನೆಲದಲ್ಲಿ ಹೂತಿಟ್ಟ ನಾಣ್ಯದ ದಾರಿ ಬೇರೆ.

ಬಾವಿ ತೋಡುವಾಗ, ಮನೆಗೆ ಪಾಯ ತೆಗೆಯುವಾಗ, ಕೆರೆಯ ಹೂಳೆತ್ತುವಾಗ ಗಡಿಗೆ ಸಿಕ್ಕಬಹುದು. ಕೂಡಲೇ "ನಿನಗಿಷ್ಟು, ನನಗಿಷ್ಟು" ಎಂದು ಹಂಚಿಕೊಳ್ಳುವವರಿದ್ದಾರೆ. ಕರಗಿಸಿ ಬಳೆ ಮಾಡಿಸುವವರಿದ್ದಾರೆ. ಅದು ತಪ್ಪು. ಕರ್ನಾಟಕದಲ್ಲಿ ಇದಕ್ಕೆ 1962ರ ನಿಧಿ ಕಾಯ್ದೆ ಇದೆ. ನಿಧಿ ಸಿಕ್ಕಿದವರು ಬೇಗನೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಅವರು ವಿಚಾರಣೆ ಮಾಡಿ, ಕಾಯ್ದೆಯ ಪ್ರಕಾರ ಯಾರಿಗೆ ಏನು ಎಂದು ತೀರ್ಮಾನಿಸುತ್ತಾರೆ. ತಿಳಿಸಿದವಳ ಹಕ್ಕು ಕಡತದಲ್ಲಿ ಉಳಿಯುತ್ತದೆ. ಬಚ್ಚಿಟ್ಟರೆ ಹಕ್ಕೂ ಹೋಗುತ್ತದೆ, ಶಿಕ್ಷೆಯೂ ಆಗುತ್ತದೆ.

ಕೂಲಿಗೆ ಹೋದಲ್ಲಿ ಸಿಕ್ಕಿದರೂ ಹೀಗೆಯೇ. "ನೀನು ಸುಮ್ಮನಿರು, ನಾನು ನೋಡಿಕೊಳ್ತೇನೆ" ಎಂದು ಯಾರಾದರೂ ಹೇಳಬಹುದು. ಸುಮ್ಮನಿರಬೇಡಿ. ಗುದ್ದಲಿಗೆ ತಗುಲಿದ್ದು ನಿಮ್ಮ ಕೈಯಲ್ಲಿ. ನೀವೇ ಬರೆಯಿರಿ.

ಇನ್ನೊಂದು ಮಾತು. ಸಿಕ್ಕಿದ ಜಾಗವನ್ನು ಇನ್ನಷ್ಟು ಅಗೆಯಬೇಡಿ. ಗಡಿಗೆ ಎಷ್ಟು ಆಳದಲ್ಲಿತ್ತು, ಸುತ್ತ ಏನಿತ್ತು ಎಂದು ನೋಡಿದರೆ ತಿಳಿದವರಿಗೆ ಊರಿನ ಚರಿತ್ರೆ ಗೊತ್ತಾಗುತ್ತದೆ. ಅಗೆದು ಕೆದರಿದರೆ ಆ ಚರಿತ್ರೆ ಹೋಗಿಬಿಡುತ್ತದೆ. ಮಿರ್ಜಾನ್ ಕೋಟೆ, ಗೇರುಸೊಪ್ಪೆಯ ಚತುರ್ಮುಖ ಬಸದಿ ಇಂಥವು ಸಂರಕ್ಷಿತ ಸ್ಮಾರಕಗಳು. ಅಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ.

ಮೋಸಗಾರರು ಬರುತ್ತಾರೆ, ಹುಷಾರು!

ಕೆಲವರು ಒಂದು ಯಂತ್ರ ಹಿಡಿದುಕೊಂಡು ಬರುತ್ತಾರೆ. ಅದು ಲೋಹ ಹುಡುಕುವ ಯಂತ್ರ. ಲೋಹದ ಮೇಲೆ ಬಂದರೆ 'ಕುಂಯ್' ಅನ್ನುತ್ತದೆ. "ಅಮ್ಮಾ, ನಿಮ್ಮ ಹಿತ್ತಲಲ್ಲಿ ನಿಧಿ ಇದೆ. ಪೂಜೆಗೆ ಇಷ್ಟು ಸಾವಿರ ಕೊಡಿ" ಅನ್ನುತ್ತಾರೆ. ಆ ಯಂತ್ರ ಮೊಳೆಗೂ ಕೂಗುತ್ತದೆ, ಹಳೇ ಡಬ್ಬಿಯ ಮುಚ್ಚಳಕ್ಕೂ ಕೂಗುತ್ತದೆ. ಚಿನ್ನಕ್ಕೆ ಮಾತ್ರ ಕೂಗುವುದಲ್ಲ.

ನಿಧಿಗೆ ಹಾವು ಕಾವಲಿದೆ, ಬಲಿ ಕೊಡಬೇಕು ಎಂದು ಹೇಳುವವರೂ ಇದ್ದಾರೆ. ನಂಬಬೇಡಿ. ನಿಧಿಯ ಆಸೆಗೆ ಮಾಟ, ಬಲಿ ಎಂದು ಅಮಾನುಷ ಕೆಲಸ ಮಾಡುವುದನ್ನು ಕರ್ನಾಟಕದಲ್ಲಿ 2017ರ ಕಾಯ್ದೆ ತಡೆದಿದೆ. ಅಂಥವರು ಬಂದರೆ ಪೊಲೀಸರಿಗೆ ತಿಳಿಸಿ.

ಅಕ್ಕಿ ಕಾಳನ್ನು ಎಳೆಯುವ ನಾಣ್ಯ, ಅಕ್ಕಿ ಎಳೆಯುವ ಚೊಂಬು ಎಂದು ಒಂದು ಮೋಸ ಇದೆ. ಕೋಟಿ ಬೆಲೆ ಬಾಳುತ್ತದೆ ಅನ್ನುತ್ತಾರೆ. ಅಂಥ ನಾಣ್ಯವೇ ಇಲ್ಲ.

ರಾಮ ಲಕ್ಷ್ಮಣರ ಚಿತ್ರ, 'ಈಸ್ಟ್ ಇಂಡಿಯಾ ಕಂಪನಿ', '1818' ಎಂದು ಬರೆದ ಬಿಲ್ಲೆಗಳು ಜಾತ್ರೆಯಲ್ಲಿ ಸಿಗುತ್ತವೆ. ಅವು ಕಂಪನಿಯ ನಾಣ್ಯಗಳಲ್ಲ. ಈಚೆಗೆ ಯಾರೋ ಮಾಡಿ ಮಾರಿದ ಬಿಲ್ಲೆಗಳು. ಪೂಜೆಗೆ ಇಟ್ಟರೆ ಇಡಿ, ಸಾವಿರಾರು ಕೊಟ್ಟು ಕೊಳ್ಳಬೇಡಿ.

ಈಗ ಮೊಬೈಲಿನಲ್ಲೂ ಮೋಸ ಬಂದಿದೆ. "ವೈಷ್ಣೋದೇವಿ ಚಿತ್ರದ ನಾಣ್ಯ ಇದ್ದರೆ ಲಕ್ಷ ಕೊಡ್ತೇವೆ. ಮೊದಲು ನೋಂದಣಿ ಹಣ ಹಾಕಿ" ಎಂದು ಫೋನು ಬರುತ್ತದೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಹೇಳುತ್ತಾರೆ. ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಕೆ ಕೊಟ್ಟಿದೆ. ಇಂಥ ವ್ಯವಹಾರಕ್ಕೂ ತನಗೂ ಸಂಬಂಧ ಇಲ್ಲ, ಯಾರಿಂದಲೂ ಶುಲ್ಕ ಕೇಳುವುದಿಲ್ಲ ಎಂದು ಹೇಳಿದೆ. ಕೊಳ್ಳುವವನು ಹಣ ಕೊಡಬೇಕು. ಹಣ ಕೇಳುವವನು ಕೊಳ್ಳುವವನಲ್ಲ, ಕಳ್ಳ.

ಅರ್ಜಿ ಬರೆಯುವುದು ಹೇಗೆ?

ನಾಲ್ಕು ಸಂಗತಿ ಬರೆದರೆ ಸಾಕು. ಏನು ಸಿಕ್ಕಿತು? ಎಷ್ಟು ಸಿಕ್ಕಿತು? ಎಲ್ಲಿ ಸಿಕ್ಕಿತು? ಯಾವತ್ತು ಸಿಕ್ಕಿತು? ನೋಡಿ, ಹೀಗೆ:

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ಮಾನ್ಯರೇ,
ನಾನು ........ ತಾಲೂಕಿನ ........ ಊರಿನವಳು. ದಿನಾಂಕ ........ ರಂದು ........ ಜಾಗದಲ್ಲಿ ಮಣ್ಣು ಅಗೆಯುವಾಗ ನನಗೆ ........ ನಾಣ್ಯಗಳು ಸಿಕ್ಕಿವೆ. ಅವು ........ ಬಣ್ಣದವು. ಅವುಗಳ ಮೇಲೆ ........ ಚಿತ್ರ ಇದೆ. ಇದನ್ನು ನಿಮಗೆ ತಿಳಿಸುತ್ತಿದ್ದೇನೆ. ಮುಂದಿನ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಕಾರವಾರ ದೂರವಾದರೆ ನಿಮ್ಮ ತಾಲೂಕಿನ ತಹಶೀಲ್ದಾರರ ಕಚೇರಿಯಲ್ಲಿ ಕೇಳಿ. ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಕೊಡಿ. ಇನ್ನೊಂದಕ್ಕೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ನಾಣ್ಯ ಒಪ್ಪಿಸುವಾಗ ಎಷ್ಟು ನಾಣ್ಯ, ಎಷ್ಟು ತೂಕ ಎಂದು ಬರೆದ ರಸೀದಿ ಕೇಳಿ. ರಸೀದಿಯನ್ನು ಓದಿ ನೋಡಿ. ಹತ್ತು ಕೊಟ್ಟರೆ ಹತ್ತು ಎಂದೇ ಇರಬೇಕು. ಆಮೇಲೆ ಸಹಿ ಹಾಕಿ. ಹೆಬ್ಬೆಟ್ಟಿನ ಕಾಲ ಮುಗಿಯಿತು.

ಕೊನೆಗೆ ಆ ಅಕ್ಕನ ಸುದ್ದಿ ಹೇಳಬೇಕಲ್ಲ. ಮರುದಿನ ಪಾತ್ರೆಯವ ಬಂದ. "ನಾಣ್ಯ ತಂದೆಯಾ?" ಎಂದು ಕೇಳಿದ. ಅಕ್ಕ ಒಳಗಿಂದ ಚೀಟಿ ತಂದರು. ತಾವೇ ಬರೆದ ಲೆಕ್ಕದ ಚೀಟಿ. "ಇವತ್ತಿನ ಬೆಳ್ಳಿ ದರ ಎಷ್ಟು, ಹೇಳು ನೋಡುವ" ಎಂದರು. ಅವ ಪಾತ್ರೆ ಎತ್ತಿಕೊಂಡು ಮುಂದಿನ ಮನೆಗೆ ಹೋದ. ಅಕ್ಕನೂ ಚೀಟಿ ಹಿಡಿದು ಅವನ ಹಿಂದೆಯೇ ಹೋದರು. ಮುಂದಿನ ಮನೆಯವರಿಗೂ ಲೆಕ್ಕ ಗೊತ್ತಾಗಬೇಕಲ್ಲ!

ಓದಿ, ಯೋಚಿಸಿ, ಮಾಡಿ

1. ನಿಮ್ಮ ಮನೆಯಲ್ಲಿ ಹಳೇ ನಾಣ್ಯ ಇದೆಯೇ? ಅದರ ಇಸವಿ ಓದಿ, ಬರೆಯಿರಿ.
2. ಒಂದು ರೂಪಾಯಿಗೆ 16 ಆಣೆ. ಹಾಗಾದರೆ ಅರ್ಧ ರೂಪಾಯಿಗೆ ಎಷ್ಟು ಆಣೆ?
3. ಒಂದು ನಾಣ್ಯದಲ್ಲಿ 10 ಗ್ರಾಂ ಬೆಳ್ಳಿ ಇದೆ. ಗ್ರಾಮಿಗೆ 90 ರೂಪಾಯಿ ಆದರೆ ಐದು ನಾಣ್ಯಕ್ಕೆ ಎಷ್ಟು?
4. ಮೇಲಿನ ಅರ್ಜಿಯನ್ನು ನಿಮ್ಮ ಊರಿನ ಹೆಸರು ಹಾಕಿ ಒಮ್ಮೆ ಬರೆದು ನೋಡಿ.